ಭೇರಿಯೂ ಕಹಳೆಯೂ: ಅಮೇರಿಕೆಯ ಬಾಲವಾದ್ಯಪಡೆಗಳ ಚರಿತ್ರೆ

ನಾದವು ಮನುಷ್ಯರನ್ನು ಒಂದುಗೂಡಿಸುವ ಶಕ್ತಿಯುಳ್ಳುದೆಂಬುದು ಎಲ್ಲರೂ ಬಲ್ಲ ಸಂಗತಿ. ತಮ್ಮ ತಮ್ಮ ಹೆಜ್ಜೆಯಲ್ಲಿ ನಡೆವ ನೂರು ಜನರು ಗುಂಪೆನಿಸುವರೇ ಹೊರತು ಪಡೆಯೆನಿಸಲಾರರು. ಅವರ ಮುಂದೆ ಒಂದು ಭೇರಿ ಮೊಳಗಿದ ಕೂಡಲೆ ನೂರು ಜನರ ಹೆಜ್ಜೆಗಳೂ ಒಂದೇ ಕಾಲಕ್ಕೆ ನೆಲವನ್ನು ಮುಟ್ಟುವುವು. ಆದುದರಿಂದಲೇ ಲೋಕದ ಬಹು ಜನಾಂಗಗಳವರು ಭೇರಿ ಕಹಳೆಗಳನ್ನು ರಣರಂಗದಲ್ಲಿಯೂ ಉತ್ಸವದಲ್ಲಿಯೂ ಸಮಾನವಾಗಿ ಬಳಸುತ್ತ ಬಂದಿರುವರು. ಪಂಪ ರನ್ನರ ಯುದ್ಧವರ್ಣನೆಗಳಲ್ಲಿ ಭೇರೀರವವು ಕೇಳಬರುವಂತೆ, ಜಾತ್ರೆಯ ದಿನ ತೇರಿನ ಮುಂದೆಯೂ ಅಂತಹ ವಾದ್ಯಗಳೇ ಮೊಳಗುವುವು. ಯುದ್ಧಕ್ಕೆಂದು ಹುಟ್ಟಿದ ವಾದ್ಯಗಳು ಮಕ್ಕಳ ಕೈಗೆ ಬಂದು, ಅವರ ನಡೆನುಡಿಗಳನ್ನು ತಿದ್ದುವ ಸಾಧನಗಳಾದ ವೃತ್ತಾಂತವೊಂದು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಕಳೆದ ನೂರು ವರ್ಷಗಳ ಚರಿತ್ರೆಯಲ್ಲಿ ಅಡಗಿರುವುದು. ಆ ನಾಡಿನವರು ಅದನ್ನು 'ಡ್ರಮ್ ಅಂಡ್ ಬ್ಯೂಗಲ್ ಕೋರ್' ಎಂದು ಕರೆವರು. ಭೇರೀಕಹಳೆಗಳ ಪಡೆಯೆಂದು ಅದರ ಅರ್ಥ. ಪರರ ಮಕ್ಕಳನ್ನು ಒಂದೆಡೆ ಕೂಡಿಸಿ ಬೆಳೆಸುವ ಭಾರವನ್ನು ಹೊತ್ತ ಸಂಸ್ಥೆಗಳವರೆಲ್ಲರೂ ಈ ವೃತ್ತಾಂತವನ್ನು ಅರಿಯುವುದು ಉಪಯುಕ್ತವಾದುದು. ಏಕೆಂದರೆ ಇದರಲ್ಲಿ ಅನುಕರಿಸತಕ್ಕುದೂ ಇರುವುದು, ಎಚ್ಚರವಹಿಸತಕ್ಕುದೂ ಇರುವುದು.

ಮೊದಲು ವಾದ್ಯಗಳ ಸ್ವರೂಪವನ್ನು ನೋಡಬೇಕು. ಬ್ಯೂಗಲ್ ಎಂಬುದು ಹಿತ್ತಾಳೆಯ ಸುತ್ತುಗಹಳೆ. ಅದಕ್ಕೆ ಕೊಳಲಿನಂತೆ ರಂಧ್ರಗಳಿಲ್ಲ, ಕೀಲಿಗಳಿಲ್ಲ. ಊದುವವನು ತುಟಿಯ ಬಿಗಿತದಿಂದಲೇ ಕೆಲವು ಸ್ವರಗಳನ್ನು ಹೊರಡಿಸಬೇಕು. ಇದ್ದ ಅಷ್ಟೇ ಸ್ವರಗಳಲ್ಲಿ ಸೈನ್ಯದವರು ಏಳುವ ಕರೆ, ಉಣ್ಣುವ ಕರೆ, ದಾಳಿಯ ಕರೆ, ಮಲಗುವ ಕರೆ ಎಂದು ಬಗೆಬಗೆಯ ಸಂಜ್ಞೆಗಳನ್ನು ಕಟ್ಟಿಕೊಂಡಿದ್ದರು. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ, 1862ನೆಯ ಇಸವಿಯ ಜುಲೈ ತಿಂಗಳಲ್ಲಿ, ವರ್ಜೀನಿಯಾ ಪ್ರಾಂತದ ಹ್ಯಾರಿಸನ್ಸ್ ಲ್ಯಾಂಡಿಂಗ್ ಎಂಬಲ್ಲಿ ಪಾಳೆಯ ಬಿಟ್ಟಿದ್ದ ಸೇನಾನಿ ಡೇನಿಯಲ್ ಬಟರ್‌ಫೀಲ್ಡನು ದೀಪವಾರಿಸುವ ಕರೆಯನ್ನು ತಿದ್ದಿಸಿ, ಆಲಿವರ್ ನಾರ್ಟನ್ ಎಂಬ ಕಹಳೆಗಾರನಿಂದ ಊದಿಸಿದನು. 'ಟ್ಯಾಪ್ಸ್' ಎಂದು ಹೆಸರಾದ ಆ ಕರೆಯಲ್ಲಿ ಇರುವುದು ನಾಲ್ಕೇ ಸ್ವರಸ್ಥಾನಗಳು, ಒಟ್ಟು 24 ನಾದಗಳು. ಸೈನಿಕರ ಅಂತ್ಯಕ್ರಿಯೆಯಲ್ಲಿ ಇಂದಿಗೂ ಅದನ್ನೇ ಊದುವರು.

ಭೇರಿಯ ಕೆಲಸವನ್ನು ಆ ಕಾಲದಲ್ಲಿ ಬಾಲಕರೇ ಮಾಡುತ್ತಿದ್ದರೆಂಬುದು ಗಮನಿಸತಕ್ಕ ವಿಷಯ. ಬಂದೂಕು ಹಿಡಿಯಲು ವಯಸ್ಸು ಸಾಲದ ಹುಡುಗರನ್ನು ಡ್ರಮ್ಮು ಬಾರಿಸುವುದಕ್ಕೆ ಸೇರಿಸಿಕೊಳ್ಳುತ್ತಿದ್ದರು. 1851ರಲ್ಲಿ ಹುಟ್ಟಿದ ಜಾನ್ ಕ್ಲೆಮ್ ಎಂಬ ಬಾಲಕನು ಹನ್ನೆರಡು ತುಂಬುವುದರೊಳಗೆ ಮಿಷಿಗನ್ ಪ್ರಾಂತದ ದಂಡಿನಲ್ಲಿ ಭೇರಿ ಬಾರಿಸುತ್ತಿದ್ದು, ಮುಂದೆ ಅದೇ ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾಗಿ 1915ರಲ್ಲಿ ನಿವೃತ್ತನಾದನು. ಅವನ ಭಾಗ್ಯ ಎಲ್ಲ ಬಾಲಕರದಾಗಲಿಲ್ಲ. ಯುದ್ಧಭೂಮಿಯಲ್ಲಿಯೂ ಆಸ್ಪತ್ರೆಯ ಡೇರೆಗಳಲ್ಲಿಯೂ ಮಡಿದ ಭೇರಿಯ ಹುಡುಗರು ಹಲವರು. ಭೇರಿಗೂ ಬಾಲಕರಿಗೂ ಆ ನಾಡಿನಲ್ಲಿದ್ದ ಸಂಬಂಧವು ಹೀಗೆ ಆದಿಯಲ್ಲಿ ರಕ್ತಸಿಕ್ತವಾದುದೇ ಆಗಿದ್ದಿತು.

ಆ ಸಂಬಂಧವು ಬೇರೊಂದು ರೂಪವನ್ನು ತಾಳಿದುದು ಮೊದಲನೆಯ ಮಹಾಯುದ್ಧದ ತರುವಾಯ. 1918ರ ನವೆಂಬರಿನಲ್ಲಿ ಯುದ್ಧವು ನಿಂತಿತು. ಮನೆಗೆ ಮರಳಿದ ಸೈನಿಕರು 1919ರಲ್ಲಿ 'ಅಮೇರಿಕನ್ ಲೀಜನ್' ಎಂಬ ಸಂಘವನ್ನು ಕಟ್ಟಿಕೊಂಡರು. ಪರದೇಶಗಳಲ್ಲಿ ಕಾದಿದವರ ಸಂಘವೊಂದು ಇದಕ್ಕೂ ಮೊದಲೇ ಇದ್ದಿತು. 'ವೆಟರನ್ಸ್ ಆಫ್ ಫಾರಿನ್ ವಾರ್ಸ್' ಎಂದು ಅದರ ಹೆಸರು. ಟೆಲಿಫೋನು ರೇಡಿಯೋಗಳು ಬಳಕೆಗೆ ಬಂದುದರಿಂದ ರಣರಂಗದಲ್ಲಿ ಕಹಳೆಯ ಕೆಲಸವು ಕುಗ್ಗಿ, ಸೈನ್ಯಕ್ಕೆ ಬೇಡವಾದ ಬ್ಯೂಗಲ್ಲುಗಳೂ ಡ್ರಮ್ಮುಗಳೂ ಈ ಸಂಘಗಳಿಗೆ ಸುಲಭವಾಗಿ ದೊರೆತುವು. ಊರೂರಿನ ಶಾಖೆಗಳವರು ಅವುಗಳನ್ನು ತೆಗೆದುಕೊಂಡು, ಹಬ್ಬದ ಮೆರವಣಿಗೆಗಳಲ್ಲಿ ಬಾರಿಸುತ್ತ ನಡೆದರು. 1921ರಲ್ಲಿ ಕಾನ್ಸಾಸ್ ಸಿಟಿ ನಗರದಲ್ಲಿ ಲೀಜನ್ನಿನ ಮಹಾಸಭೆಯು ಕೂಡಿದಾಗ ಇಂತಹ ಪಡೆಗಳಿಗೆ ಮೊದಲ ರಾಷ್ಟ್ರೀಯ ಸ್ಪರ್ಧೆಯು ಏರ್ಪಟ್ಟಿತು. ಬಾರಿಸುವವರು ಆಗ ಪ್ರಾಯದ ಗಂಡಸರು, ಯುದ್ಧವನ್ನು ಕಣ್ಣಾರೆ ಕಂಡವರು. ಕೆಲಕಾಲದಲ್ಲಿಯೇ ಅವರು ತಮ್ಮ ಮಕ್ಕಳ ಕೈಗೂ ಕೋಲುಗಳನ್ನು ಕೊಟ್ಟರು. ಬಾಲವಾದ್ಯಪಡೆಗಳು ಹುಟ್ಟಿದ ಬಗೆ ಇದು.

1930ರ ದಶಕವು ಅಮೇರಿಕೆಗೆ ಕಡುಕಷ್ಟದ ಕಾಲ. ಗಿರಣಿಗಳು ಮುಚ್ಚಿದುವು, ತಂದೆಗಳಿಗೆ ಕೆಲಸವಿರಲಿಲ್ಲ, ಮಕ್ಕಳು ಬೀದಿಪಾಲಾಗುವರೆಂಬ ಭೀತಿಯಿದ್ದಿತು. ಶಿಕಾಗೋ ನಗರದಲ್ಲಿ ಬರ್ನಾರ್ಡ್ ಶೀಲ್ ಎಂಬ ಕ್ರೈಸ್ತ ಧರ್ಮಗುರುವು 1930ರಲ್ಲಿ ಕೆಥೋಲಿಕ ತರುಣರಿಗಾಗಿ ಸಂಘವೊಂದನ್ನು ಸ್ಥಾಪಿಸಿದನು. ಅದೇ ಭಾವನೆಯಿಂದ ಪೂರ್ವಪ್ರಾಂತಗಳ ಅನೇಕ ಇಗರ್ಜಿಗಳಲ್ಲಿ ಪಾದ್ರಿಗಳು ವಾದ್ಯಪಡೆಗಳನ್ನು ಕಟ್ಟಿದರು. ನ್ಯೂ ಜೆರ್ಸಿ ಪ್ರಾಂತದ ಗಾರ್ಫೀಲ್ಡ್ ಎಂಬ ಬಟ್ಟೆಗಿರಣಿಗಳ ಊರಿನಲ್ಲಿ 1934ರಲ್ಲಿ 'ಹೋಲಿ ನೇಮ್ ಕೆಡೆಟ್ಸ್' ಎಂಬ ಪಡೆಯು ಜನಿಸಿತು. ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದಲ್ಲಿ ಸ್ಕೌಟು ಬಾಲಕರ ಪಡೆಯು 1938ರಲ್ಲಿಯೂ, ಬಾಸ್ಟನ್ ನಗರದಲ್ಲಿ 'ಕ್ರುಸೇಡರ್ಸ್' ಪಡೆಯು 1940ರಲ್ಲಿಯೂ ಹುಟ್ಟಿದುವು. ಸೇರಿದ ಮಕ್ಕಳಲ್ಲಿ ಹೆಚ್ಚಿನವರು ಐರ್ಲೆಂಡು, ಇಟಲಿ, ಪೋಲೆಂಡು ದೇಶಗಳಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು. ಸಂಗೀತದ ಗುರುವಿಗೆ ವೇತನ ಕೊಡಲು ಅವರ ತಂದೆತಾಯಿಗಳಿಗೆ ಶಕ್ತಿಯಿರಲಿಲ್ಲ. ಇಗರ್ಜಿಯ ನೆಲಮಾಳಿಗೆಯಲ್ಲಿ, ಸಂಘದವರು ಕೊಟ್ಟ ವಾದ್ಯದಲ್ಲಿ, ಹಿರಿಯ ಹುಡುಗನು ಕಿರಿಯನಿಗೆ ಕಲಿಸುತ್ತ ವಿದ್ಯೆಯು ಹಬ್ಬಿತು. ಸ್ವರಲಿಪಿಯನ್ನು ಓದಲರಿಯದ ಹುಡುಗರು ಕೇಳಿ ಕೇಳಿ ಬಾಯಿಪಾಠ ಮಾಡಿಯೇ ಊದುವುದನ್ನು ಕಲಿಯುತ್ತಿದ್ದರು.

ಈ ಬಾಯಿಪಾಠದ ಕ್ರಮವು ಭಾರತೀಯರಿಗೆ ಅಪರಿಚಿತವಾದುದಲ್ಲ. ಮೃದಂಗದ ವಿದ್ಯಾರ್ಥಿಯು ಕೈಯಿಂದ ನುಡಿಸುವುದಕ್ಕೆ ಮೊದಲು ಸೊಲ್ಲುಗಳನ್ನು ಬಾಯಿಯಿಂದ ನುಡಿವನಷ್ಟೆ. ಅಮೇರಿಕೆಯ ಡ್ರಮ್ಮಿನ ಪಾಠಗಳ ಹೆಸರುಗಳೂ ಬಹುಮಟ್ಟಿಗೆ ಅಂತಹ ಅನುಕರಣ ಶಬ್ದಗಳೇ. 'ಫ್ಲ್ಯಾಮ್' ಎಂದರೆ ಒಂದು ಕೋಲಿನ ಮೆಲುಪೆಟ್ಟಿನ ಹಿಂದೆಯೇ ಇನ್ನೊಂದರ ಬಲುಪೆಟ್ಟು. 'ಪ್ಯಾರಡಿಡಲ್' ಎಂದರೆ ಬಲ, ಎಡ, ಬಲ, ಬಲ. ಮರಳಿ ಎಡ, ಬಲ, ಎಡ, ಎಡ. 'ರಟಮಕ್ಯೂ' ಎಂಬುದನ್ನು ಉಚ್ಚರಿಸಿದರೆ ಸಾಕು, ಅದರ ಲಯವು ಕಿವಿಗೆ ತಾನಾಗಿಯೇ ತಿಳಿವುದು. 1933ರಲ್ಲಿ ಲೀಜನ್ನಿನ ಮಹಾಸಭೆಗಾಗಿ ಶಿಕಾಗೋ ನಗರದಲ್ಲಿ ನೆರೆದ ಭೇರಿವಾದಕರು ಇಂತಹ ಪಾಠಗಳಲ್ಲಿ 13ನ್ನು ಅತ್ಯಾವಶ್ಯಕವೆಂದು ಗೊತ್ತುಮಾಡಿದರು; ತರುವಾಯ ಇನ್ನು 13 ಸೇರಿ ಅವು 26 ಆದುವು. 1984ರಲ್ಲಿ ತಾಳವಾದ್ಯಗಳವರ ಮತ್ತೊಂದು ಸಂಘವು ಆ ಪಟ್ಟಿಯನ್ನು 40ಕ್ಕೆ ಏರಿಸಿತು. ಶಾಸ್ತ್ರವು ಪ್ರಯೋಗದಿಂದ ಹುಟ್ಟಿ, ಮರಳಿ ಪ್ರಯೋಗವನ್ನು ತಿದ್ದುವುದೆಂಬುದಕ್ಕೆ ಇದು ನಿದರ್ಶನ.

ಕಹಳೆಯ ವಿಕಾಸವು ಇನ್ನೂ ಸ್ವಾರಸ್ಯವಾದುದು. ಕೀಲಿಲ್ಲದ ಬ್ಯೂಗಲ್ಲಿನಲ್ಲಿ ಸುಲಭವಾಗಿ ಹೊರಡುವ ಸ್ವರಗಳನ್ನು ಕರ್ಣಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಅಂತರಗಾಂಧಾರ, ಪಂಚಮಗಳು ಮಾತ್ರ. ಇವು ಮೂರರಿಂದ ಸಂಜ್ಞೆಗಳನ್ನು ಕಟ್ಟಬಹುದೇ ಹೊರತು ಹಾಡನ್ನು ನುಡಿಸಲಾಗದು. 1920ರ ದಶಕದ ಉತ್ತರಾರ್ಧದಲ್ಲಿ ಬ್ಯೂಗಲ್ಲಿಗೆ ಅಡ್ಡಲಾಗಿ ಒಂದು ಕೀಲನ್ನು ಸೇರಿಸಿದರು. ಅದನ್ನು ಒತ್ತಿದರೆ ಆಧಾರಶ್ರುತಿಯು ಕೆಳಗಿನ ಪಂಚಮಕ್ಕೆ ಇಳಿಯುವುದು. ಆಗ ಆ ಪಂಚಮವನ್ನೇ ಆಧಾರವಾಗಿಟ್ಟುಕೊಂಡು ಕಾಕಲಿನಿಷಾದವೂ ಚತುಶ್ಶ್ರುತಿ ರಿಷಭವೂ ದೊರೆವುವು. ಎರಡನ್ನೂ ಕೂಡಿಸಿದರೆ ಸ, ರಿ, ಗ, ಪ, ನಿ ಎಂಬ ಐದು ಸ್ವರಗಳಾಗುವುವು. ಇವು ಹಂಸಧ್ವನಿರಾಗದ ಸ್ವರಗಳೇ ಎಂಬುದನ್ನು ಸಂಗೀತವನ್ನು ಬಲ್ಲ ವಾಚಕರು ಒಡನೆ ಗುರುತಿಸುವರು. ಅಮೇರಿಕೆಯ ಹುಡುಗರಿಗೆ ಆ ರಾಗದ ಹೆಸರು ತಿಳಿಯದಿದ್ದರೂ, ನಾದದ ನಿಯಮವು ದೇಶವನ್ನೂ ಭಾಷೆಯನ್ನೂ ನೋಡದೆ ತನ್ನ ಕೆಲಸವನ್ನು ಮಾಡಿದ್ದಿತು. ತರುವಾಯ ಎರಡನೆಯ ಕೀಲು ಕೂಡಿಬಂದು, ಉಳಿದ ಸ್ವರಗಳಲ್ಲಿ ಹೆಚ್ಚಿನವು ವಶವಾದುವು.

ಇನ್ನು ನಡಿಗೆಯ ವಿಷಯ. ಸೈನ್ಯದ ಹೆಜ್ಜೆಯು 30 ಅಂಗುಲದ್ದು, ನಿಮಿಷಕ್ಕೆ 120 ಹೆಜ್ಜೆಗಳು. ಸ್ಪರ್ಧೆಗಳು ನಡೆವುದು ಆ ನಾಡಿನ ಫುಟ್‌ಬಾಲ್ ಬಯಲುಗಳಲ್ಲಿ. ಆ ಬಯಲು 100 ಗಜ ಉದ್ದವಾಗಿದ್ದು, ಐದೈದು ಗಜಕ್ಕೆ ಒಂದು ಬಿಳಿಯ ಗೆರೆಯಿರುವುದು. ಸೈನ್ಯದ ಹೆಜ್ಜೆಯಲ್ಲಿ ಗೆರೆಯಿಂದ ಗೆರೆಗೆ ಆರು ಹೆಜ್ಜೆಗಳಾಗುವುವು. ತಾಳವು ಎಂಟೆಂಟು ಮಾತ್ರೆಗಳಲ್ಲಿ ನಡೆವಾಗ ಆರರ ಲೆಕ್ಕವು ಹೊಂದದು. ಆದುದರಿಂದ ಕ್ರಮೇಣ ಹೆಜ್ಜೆಯನ್ನು ಇಪ್ಪತ್ತೆರಡೂವರೆ ಅಂಗುಲಕ್ಕೆ ಇಳಿಸಿ, ಐದು ಗಜಕ್ಕೆ ಎಂಟು ಹೆಜ್ಜೆಗಳಾಗುವಂತೆ ಮಾಡಿಕೊಂಡರು. ಇದರಿಂದ ಸಂಗೀತದ ಆವರ್ತವೂ ನೆಲದ ಗೆರೆಯೂ ಒಂದಾದುವು. ಪರೀಕ್ಷಕರು ಬಯಲಿನೊಳಗೇ ಪಡೆಯ ಬದಿಯಲ್ಲಿ ನಡೆಯುತ್ತ, ಒಬ್ಬನ ಕಾಲು ತಪ್ಪಿದರೂ ಒಬ್ಬನ ಕೋಲು ತಡವಾದರೂ ಗುರುತು ಹಾಕಿಕೊಂಡು, ತಪ್ಪಿಗೆ ಹತ್ತನೆಯ ಒಂದಂಶದಂತೆ ಅಂಕವನ್ನು ಕಳೆಯುತ್ತಿದ್ದರು. ಗಳಿಸುವುದೆಂಬುದು ಅಲ್ಲಿರಲಿಲ್ಲ, ಇದ್ದುದನ್ನು ಕಳೆದುಕೊಳ್ಳದಿರುವುದೇ ಗೆಲವು.

ಇಂತಹ ಕಠಿನವಾದ ನಿಯಮಕ್ಕೆ ಮಕ್ಕಳು ಮನಃಪೂರ್ವಕವಾಗಿ ಒಳಗಾದುದೇಕೆಂಬ ಪ್ರಶ್ನೆ ಹುಟ್ಟುವುದು ಸಹಜ. ಅಂದು ಬಾರಿಸಿ ಊದಿ ಇಂದು ಮುದುಕರಾಗಿರುವವರು ನೆನೆವ ಸಂಗತಿಗಳಲ್ಲಿಯೇ ಇದಕ್ಕೆ ಉತ್ತರವಿರುವುದು. ಅವರು ಗೆದ್ದ ಬಹುಮಾನಗಳನ್ನು ನೆನೆವುದಕ್ಕಿಂತ ಹೆಚ್ಚಾಗಿ, ಬೇಸಗೆಯ ಇರುಳಿನಲ್ಲಿ ಊರಿಂದೂರಿಗೆ ಓಡುತ್ತಿದ್ದ ಹಳೆಯ ಬಸ್ಸುಗಳನ್ನು ನೆನೆವರು. ಅಪರಿಚಿತ ಶಾಲೆಯ ವ್ಯಾಯಾಮಮಂದಿರದ ಮರದ ನೆಲದ ಮೇಲೆ ಸಾಲಾಗಿ ಮಲಗಿದುದನ್ನು ನೆನೆವರು. ಉಣ್ಣೆಯ ಸಮವಸ್ತ್ರದೊಳಗೆ ಜುಲೈ ತಿಂಗಳ ಬಿಸಿಲಿನಲ್ಲಿ ಬೆವರಿದುದನ್ನು, ತೋಳು ಮರಗಟ್ಟಿದರೂ ಕಹಳೆಯನ್ನು ಇಳಿಸದಿದ್ದುದನ್ನು ನೆನೆವರು. ತಾಯಂದಿರು ಕುಳಿತು ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದರು. ತಂದೆಗಳು ವಾದ್ಯದ ಪೆಟ್ಟಿಗೆಗಳನ್ನು ಹೊರುತ್ತಿದ್ದರು. ಹಣಕ್ಕಾಗಿ ಇಗರ್ಜಿಯ ಸಭಾಂಗಣದಲ್ಲಿ ಬಿಂಗೋ ಎಂಬ ಅಂಕೆಯಾಟವನ್ನು ನಡೆಸುತ್ತಿದ್ದರು. ಒಂದು ಪಡೆಯ ಹಿಂದೆ ಒಂದು ಕೇರಿಯೇ ನಿಂತಿರುತ್ತಿದ್ದಿತು.

ಎಲ್ಲಕ್ಕಿಂತ ಆಳವಾಗಿ ನೆಲಸಿದುದು ಮಡಿದ ಸೈನಿಕರ ಸ್ಮರಣೆಯ ದಿನದ ನೆನಪು. 1970ರವರೆಗೆ ಅದು ಮೇ 30ನೆಯ ತಾರೀಖಿಗೆ ಬರುತ್ತಿದ್ದಿತು. 1971ರಿಂದ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಸರಿಯಿತು. ಆ ದಿನ ಊರಿನ ಬಾಲವಾದ್ಯಪಡೆಯು ಬೀದಿಗಳಲ್ಲಿ ನಡೆದು ಶ್ಮಶಾನಕ್ಕೆ ಬರುವುದು. ಭೇರಿಗಳು ನಿಲ್ಲುವುವು. ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗನೊಬ್ಬನು ಮುಂದೆ ಬಂದು, ಗೋರಿಗಳ ಮಧ್ಯೆ ನಿಂತು, 'ಟ್ಯಾಪ್ಸ್' ಊದುವನು; ದೂರದ ಮರಗಳ ಮರೆಯಿಂದ ಇನ್ನೊಬ್ಬನು ಅದನ್ನೇ ಪ್ರತಿಧ್ವನಿಯಂತೆ ಮರಳಿ ಊದುವನು. ಎದುರಿಗೆ ಮಗನನ್ನು ಕಳೆದುಕೊಂಡ ತಾಯಿಯಿರುವಳು, ಜೊತೆಗಾರರನ್ನು ಕಳೆದುಕೊಂಡ ಮುದುಕರಿರುವರು. ಆ 24 ನಾದಗಳಲ್ಲಿ ಒಂದೂ ಒಡೆಯಕೂಡದೆಂಬ ಭಾರವು ಆ ಬಾಲಕನ ತುಟಿಯ ಮೇಲಿರುವುದು. ತಾನು ಮಾಡುವ ಕೆಲಸವು ಅನ್ಯರ ದುಃಖಕ್ಕೆ ಸಲ್ಲುವುದೆಂಬ ಅರಿವನ್ನು ಹದಿಮೂರನೆಯ ವಯಸ್ಸಿನಲ್ಲಿಯೇ ತಂದುಕೊಡುವ ಪಾಠಗಳು ಶಾಲೆಯ ಪುಸ್ತಕಗಳಲ್ಲಿ ವಿರಳ.

ಆ ಬಾಲಕರಲ್ಲಿ ಅನೇಕರು ಎರಡನೆಯ ಮಹಾಯುದ್ಧದಲ್ಲಿ ತಾವೇ ಸೈನಿಕರಾದರು. ಊದುವವರು ಯುದ್ಧಕ್ಕೆ ಹೋದುದರಿಂದ ಎಷ್ಟೋ ಪಡೆಗಳು ಸ್ಥಗಿತವಾದುವು. ಅಂದು ಪಡೆಯೊಡನೆ ಟ್ಯಾಪ್ಸ್ ಊದಿದವರಲ್ಲಿ ಕೆಲವರಿಗೆ ಬೇರೆಯವರು ಅದನ್ನು ಊದಬೇಕಾಯಿತು. 1946ರಿಂದ ಮತ್ತೆ ಪಡೆಗಳು ಎದ್ದುವು. 1948ರಲ್ಲಿ ಶಿಕಾಗೋ ನಗರದಲ್ಲಿ ಡಾನ್ ವಾರನ್ ಎಂಬವನು ಸ್ಕೌಟು ಬಾಲಕರನ್ನು ಕೂಡಿಸಿ 'ಕ್ಯಾವಲಿಯರ್ಸ್' ಪಡೆಯನ್ನು ಕಟ್ಟಿದನು. 1957ರಲ್ಲಿ ವೈಯೋಮಿಂಗ್ ಪ್ರಾಂತದ ಕ್ಯಾಸ್ಪರ್ ಎಂಬ ಊರಿನಲ್ಲಿ ಜಿಮ್ ಜೋನ್ಸ್ ಎಂಬವನು 'ಟ್ರೂಪರ್ಸ್' ಪಡೆಯನ್ನು ಸ್ಥಾಪಿಸಿ, ಆ ಸೀಮೆಯಲ್ಲಿ ಹಿಂದೆ ಕಾವಲಿದ್ದ 11ನೆಯ ಓಹಾಯೋ ಅಶ್ವದಳದ ವೇಷವನ್ನು ಮಕ್ಕಳಿಗೆ ತೊಡಿಸಿದನು. 1967ರಲ್ಲಿ ಕಾಲಿಫೋರ್ನಿಯಾದ ಸಾಂಟಾ ಕ್ಲಾರಾ ಊರಿನಲ್ಲಿ 'ವ್ಯಾನ್‌ಗಾರ್ಡ್' ಪಡೆಯು ಹುಟ್ಟಿತು. ಪಡೆಗಳ ಸಂಖ್ಯೆಯು ನೂರಾರಾಯಿತು.

ಈ ಏಳ್ಗೆಯಲ್ಲಿ ಒಂದು ಕೊರತೆಯನ್ನು ಮುಚ್ಚಿಡಲಾಗದು. ಹೆಸರಾಂತ ಪಡೆಗಳಲ್ಲಿ ಹಲವು ಬಾಲಕರಿಗೆ ಮಾತ್ರ ಮೀಸಲಾಗಿದ್ದುವು. ಬಾಲಿಕೆಯರನ್ನು ಸೇರಿಸಿಕೊಂಡೆಡೆಯಲ್ಲಿಯೂ ಬಹುಕಾಲ ಅವರ ಕೈಗೆ ಪತಾಕೆಯನ್ನು ಕೊಟ್ಟರೇ ಹೊರತು ಕಹಳೆಯನ್ನು ಕೊಡಲಿಲ್ಲ. ನ್ಯೂ ಜೆರ್ಸಿಯ ಆಡುಬಾನ್ ಊರಿನ ಬಾಲಿಕೆಯರು ತಮ್ಮದೇ ಪಡೆಯನ್ನು ಕಟ್ಟಿಕೊಂಡು, ಊದುವುದೂ ಬಾರಿಸುವುದೂ ಗಂಡಸರ ಸೊತ್ತಲ್ಲವೆಂಬುದನ್ನು ಬಯಲಿನಲ್ಲಿಯೇ ತೋರಿಸಿಕೊಟ್ಟರು. ಕಾಲಕ್ರಮದಲ್ಲಿ ಪಡೆಗಳು ಒಂದೊಂದಾಗಿ ಬಾಗಿಲನ್ನು ತೆರೆದುವು. 1938ರಲ್ಲಿ ಸ್ಥಾಪಿತವಾದ ಮ್ಯಾಡಿಸನ್ ಪಡೆಯು ಎಲ್ಲರನ್ನೂ ಸೇರಿಸಿಕೊಳ್ಳುವ ನಿರ್ಧಾರವನ್ನು ಸಾರಿದುದು 2019ರಲ್ಲಿ, ಎಂದರೆ ಎಂಬತ್ತು ವರ್ಷಗಳು ಕಳೆದ ಮೇಲೆ.

1960ರ ದಶಕದ ಕೊನೆಯಲ್ಲಿ ಎರಡು ಬಗೆಯ ಅಸಮಾಧಾನಗಳು ಕುದಿಯತೊಡಗಿದುವು. ವಿಯೆಟ್ನಾಂ ಯುದ್ಧದ ಕಾಲವದು. ಹದಿನೆಂಟು ತುಂಬಿದ ತರುಣರಿಗೆ ಸೈನ್ಯದಿಂದ ಕರೆ ಬರುತ್ತಿದ್ದಿತು. ಯುದ್ಧವನ್ನು ವಿರೋಧಿಸುವ ತರುಣರಿಗೆ ಸಮವಸ್ತ್ರವೂ ಸಮಹೆಜ್ಜೆಯೂ ರುಚಿಸದಾದುವು. ಇದೊಂದು. ಪಡೆಗಳ ನಿಯಾಮಕರಿಗೆ ಇದ್ದ ಅಸಮಾಧಾನವು ಬೇರೆಯದು. ಸ್ಪರ್ಧೆಯ ನಿಯಮಗಳನ್ನು ಮಾಡುವವರು ಯೋಧಸಂಘಗಳವರು. ಬೆವರು ಸುರಿಸುವವರು ಮಕ್ಕಳು. ಸಂಗೀತದಲ್ಲಿ ಹೊಸತನ್ನು ತರಬೇಕೆಂದರೆ ನಿಯಮವು ಅಡ್ಡಬರುತ್ತಿದ್ದಿತು. ಪ್ರಯಾಣದ ವೆಚ್ಚವು ಏರುತ್ತಿದ್ದರೂ ದೊರೆವ ಹಣವು ಸಾಲದಾಗಿದ್ದಿತು. ಆದುದರಿಂದ 1971ರಲ್ಲಿ ಪ್ರಮುಖ ಪಡೆಗಳ ನಿಯಾಮಕರು ಒಂದುಗೂಡಿ 'ಡ್ರಮ್ ಕೋರ್ ಇಂಟರ್‌ನ್ಯಾಷನಲ್' ಎಂಬ ಸ್ವತಂತ್ರ ಸಂಸ್ಥೆಗೆ ತಳಹದಿಯನ್ನು ಹಾಕಿದರು. 1972ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್ ಪ್ರಾಂತದ ವೈಟ್‌ವಾಟರ್ ಎಂಬಲ್ಲಿ ಆ ಸಂಸ್ಥೆಯ ಮೊದಲ ಮಹಾಸ್ಪರ್ಧೆಯು ನಡೆದು, ಕಾಲಿಫೋರ್ನಿಯಾದ 'ಅನಹೈಮ್ ಕಿಂಗ್ಸ್‌ಮೆನ್' ಪಡೆಯು ಗೆದ್ದಿತು. ತಂದೆಯ ಮನೆಯಲ್ಲಿ ಬೆಳೆದ ಮಗನು ಬೇರೆ ಒಲೆಯನ್ನು ಹೂಡಿದಂತಾಯಿತು. ತಪ್ಪು ಯಾರದೆಂದು ನಿರ್ಣಯಿಸುವುದು ಸುಲಭವಲ್ಲ. ಇಬ್ಬರಲ್ಲಿಯೂ ನ್ಯಾಯದ ಅಂಶವಿದ್ದಿತು.

ಬೇರೆಯಾದ ಮೇಲೆ ಕಲೆಯು ವೇಗವಾಗಿ ಬೆಳೆಯಿತು. 1984ರಲ್ಲಿ ತಪ್ಪುಗಳನ್ನೆಣಿಸುವ ಹಳೆಯ ಕ್ರಮವನ್ನು ಬಿಟ್ಟು, ಸಾಧಿಸಿದುದನ್ನು ಅಳೆಯುವ ಕ್ರಮವನ್ನು ಹಿಡಿದರು. 1990ರಲ್ಲಿ ಮೂರು ಕೀಲುಗಳ ಬ್ಯೂಗಲ್ಲಿಗೂ, 2000ದಲ್ಲಿ ಯಾವ ಶ್ರುತಿಯ ಹಿತ್ತಾಳೆವಾದ್ಯಕ್ಕಾದರೂ, 2004ರಲ್ಲಿ ಧ್ವನಿವರ್ಧಕಕ್ಕೂ, 2009ರಲ್ಲಿ ವಿದ್ಯುದ್ವಾದ್ಯಗಳಿಗೂ ಅನುಮತಿ ದೊರೆಯಿತು. 150ಕ್ಕೂ ಮೀರಿದ ತರುಣರು ಬಯಲಿನ ಮೇಲೆ ಓಡುತ್ತಲೇ ಊದಿ ಚಿತ್ರವಿಚಿತ್ರ ಆಕೃತಿಗಳನ್ನು ರಚಿಸುವ ಇಂದಿನ ಪ್ರದರ್ಶನವು ಹಿಂದಿನವರ ಕನಸಿಗೂ ಮೀರಿದುದು. ಇಂಡಿಯಾನಾಪೊಲಿಸ್ ನಗರದ ದೊಡ್ಡ ಕ್ರೀಡಾಮಂದಿರದಲ್ಲಿ ವರ್ಷವರ್ಷವೂ ನಡೆವ ಮಹಾಸ್ಪರ್ಧೆಯನ್ನು ನೋಡಲು ಸಾವಿರಾರು ಜನರು ಕೂಡುವರು.

ಆದರೆ ಇದೇ ಅವಧಿಯಲ್ಲಿ ಊರೂರಿನ ಪಡೆಗಳು ಅಳಿದುವು. ನೂರಾರು ಇದ್ದೆಡೆಯಲ್ಲಿ ಇಂದು ಉಳಿದಿರುವುವು ಕೆಲವೇ ಡಜನ್ನುಗಳು. ಮೊದಲ ಮಹಾಸ್ಪರ್ಧೆಯನ್ನು ಗೆದ್ದ ಅನಹೈಮ್ ಪಡೆಯೇ 1980ರ ದಶಕದಲ್ಲಿ ಇಲ್ಲವಾಯಿತು. ಮಸಾಚುಸೆಟ್ಸ್ ಪ್ರಾಂತದ ರಿವಿಯರ್ ಊರಿನ '27ನೆಯ ಲ್ಯಾನ್ಸರ್ಸ್' ಪಡೆಯು 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ ಉತ್ಸವದಲ್ಲಿ ನುಡಿಸಿದ ಕೀರ್ತಿಯನ್ನು ಪಡೆದಿದ್ದರೂ, ಆ ದಶಕವು ಮುಗಿಯುವ ಮೊದಲೇ ಮುಚ್ಚಿಹೋಯಿತು. ಕಾರಣಗಳು ಹಲವು: 1973ರ ಬಳಿಕ ಎಣ್ಣೆಯ ಬೆಲೆ ಏರಿ ಪ್ರಯಾಣವು ದುಬಾರಿಯಾಯಿತು, ಇಗರ್ಜಿಗಳೂ ಯೋಧಸಂಘಗಳೂ ಬೆನ್ನಿಗಿಲ್ಲದಂತಾದುವು, ಹಳೆಯ ಕೇರಿಗಳ ಜನರು ನಗರದ ಹೊರವಲಯಗಳಿಗೆ ಚದರಿದರು. ಇಂದು ಒಬ್ಬ ತರುಣನು ಒಂದು ಬೇಸಗೆಯ ಕಾಲ ಪಡೆಯಲ್ಲಿರಬೇಕಾದರೆ ಸಾವಿರಾರು ಡಾಲರುಗಳನ್ನು ತೆರಬೇಕು. ಅವನು ನಾಡಿನ ಯಾವ ಮೂಲೆಯಿಂದಲಾದರೂ ಬಂದವನಾಗಿರಬಹುದು, ಪಡೆಯ ಹೆಸರಿನಲ್ಲಿರುವ ಊರನ್ನು ಹಿಂದೆಂದೂ ನೋಡದವನಾಗಿರಬಹುದು. ಗಿರಣಿಯ ಕೂಲಿಕಾರನ ಮಗನು ಕಾಸಿಲ್ಲದೆ ಕಲಿತ ವಿದ್ಯೆಯು ಹೀಗೆ ಉಳ್ಳವರ ಕಡೆಗೆ ಸರಿಯಿತು. ಶಿಖರವು ಎತ್ತರವಾದುದು ನಿಜ. ಆದರೆ ಅದರ ತಳವು ಕಿರಿದಾಯಿತು. ಕಲೆಯ ಉನ್ನತಿಯು ಕೆಲವರದಾಗಬೇಕೋ, ಅದರ ಅಭ್ಯಾಸವು ಹಲವರದಾಗಬೇಕೋ ಎಂಬ ಪ್ರಶ್ನೆಯು ಆ ನಾಡಿನ ಹಿರಿಯ ವಾದಕರಲ್ಲಿ ಇನ್ನೂ ಚರ್ಚೆಯಲ್ಲಿರುವುದು. ಎರಡನ್ನೂ ಬಯಸುವುದು ಸುಲಭ, ನಡೆಸುವುದು ಕಷ್ಟ.

ಇದಕ್ಕಿಂತಲೂ ಕಠೋರವಾದ ಪಾಠವೊಂದು ಇತ್ತೀಚೆಗೆ ದೊರೆಯಿತು. 2020ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಆ ವರ್ಷದ ಸ್ಪರ್ಧೆಗಳೇ ನಿಂತುವು. 2023ರಲ್ಲಿ ಹಣದ ಅಡಚಣೆಯಿಂದ ಸಾಂಟಾ ಕ್ಲಾರಾ ಪಡೆಯು ಬಯಲಿಗಿಳಿಯಲಿಲ್ಲ, ಮರುವರ್ಷ ಚೇತರಿಸಿಕೊಂಡಿತು. ಆದರೆ 1934ರಲ್ಲಿ ಗಾರ್ಫೀಲ್ಡ್ ಊರಿನ ಇಗರ್ಜಿಯಲ್ಲಿ ಹುಟ್ಟಿ, 'ಕೆಡೆಟ್ಸ್' ಎಂದು ನಾಡಿನಲ್ಲೆಲ್ಲ ಮನ್ನಣೆ ಪಡೆದಿದ್ದ ಪಡೆಯು ತೊಂಬತ್ತನೆಯ ವರ್ಷದಲ್ಲಿ, 2024ರಲ್ಲಿ, ಬಾಗಿಲನ್ನೇ ಮುಚ್ಚಿತು. ಹಲವು ದಶಕಗಳ ಹಿಂದೆ ಪಡೆಯೊಳಗೆ ತರುಣ ಸದಸ್ಯರೊಬ್ಬರ ಮೇಲೆ ಲೈಂಗಿಕ ದೌರ್ಜನ್ಯವು ನಡೆಯಿತೆಂಬ ಆರೋಪದ ವ್ಯಾಜ್ಯವೂ ಅದರಿಂದೊದಗಿದ ವೆಚ್ಚದ ಭಾರವೂ ಇದಕ್ಕೆ ಕಾರಣವಾದುವು. ಅಂಕವನ್ನು ಹತ್ತನೆಯ ಒಂದಂಶದವರೆಗೆ ಎಣಿಸುತ್ತಿದ್ದ ಲೋಕವು ಮಕ್ಕಳ ಕ್ಷೇಮವನ್ನು ಅಷ್ಟೇ ನಿಷ್ಠೆಯಿಂದ ಎಣಿಸಿತೇ ಎಂಬ ಪ್ರಶ್ನೆಗೆ ಎಷ್ಟು ಪಾರಿತೋಷಕಗಳಿದ್ದರೂ ಉತ್ತರವಾಗಲಾರವು. ತಂದೆತಾಯಿಗಳು ನಂಬಿ ಒಪ್ಪಿಸಿದ ಮಕ್ಕಳು ಸಂಸ್ಥೆಯ ಬಳಿಯಿರುವ ಪರರ ಒಡವೆ. ಆ ಒಡವೆಯನ್ನು ಕಾಯದ ಸಂಸ್ಥೆಗೆ ತೊಂಬತ್ತು ವರ್ಷಗಳ ಕೀರ್ತಿಯೂ ರಕ್ಷೆಯಾಗದು. ಈ ಮಾತು ಒಂದು ನಾಡಿಗೆ, ಒಂದು ಮತಕ್ಕೆ, ಒಂದು ಬಗೆಯ ಸಂಸ್ಥೆಗೆ ಮಾತ್ರ ಸಲ್ಲುವುದಲ್ಲ.

ಇಷ್ಟೆಲ್ಲ ಏಳುಬೀಳುಗಳ ನಡುವೆಯೂ ಉಳಿದು ಬಂದಿರುವ ನಿಯಮವೊಂದುಂಟು. ಗೊತ್ತಾದ ವಯಸ್ಸನ್ನು ಮೀರಿದ ಬಳಿಕ ಬಾಲವಾದ್ಯಪಡೆಯಲ್ಲಿ ಯಾರಿಗೂ ಸ್ಥಾನವಿಲ್ಲ. ಎಂತಹ ನಿಪುಣನಾದರೂ ಆ ವಯಸ್ಸಿನ ಕೊನೆಯ ಬೇಸಗೆಯ ಕೊನೆಯ ಇರುಳಿನಲ್ಲಿ ಬಯಲಿನಿಂದ ಹೊರನಡೆಯಬೇಕು; ಅವನ ಜಾಗಕ್ಕೆ ಮರುವರ್ಷ ಬೇರೊಬ್ಬ ಕಿರಿಯನು ಬರುವನು. ಆ ಇರುಳು ಕಣ್ಣೀರಿಡದೆ ಹೋದವರು ಕಡಿಮೆಯೆಂದು ನೆನೆಯುವವರು ಹೇಳುವರು. ಬಿಡುವ ಕಾಲವು ಇಂತಹುದೆಂದು ಮೊದಲೇ ತಿಳಿದಿರುವುದರಿಂದಲೇ ಇದ್ದಷ್ಟು ದಿನದ ಬೆಲೆಯು ಅವರಿಗೆ ತಿಳಿಯಿತೆಂದು ತೋರುವುದು.

ಆದರೂ ಕಲಿತ ಹೆಜ್ಜೆಯು ಕಾಲನ್ನು ಬಿಡುವುದಿಲ್ಲ. ಅನಹೈಮ್ ಕಿಂಗ್ಸ್‌ಮೆನ್ ಪಡೆಯು ಅಳಿದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ತರುವಾಯ, ಅದರ ಹಳೆಯ ಸದಸ್ಯರು ಮತ್ತೆ ಕೂಡಿ ಅಭ್ಯಾಸ ಮಾಡಿ, 2007ರಲ್ಲಿ ಕಾಲಿಫೋರ್ನಿಯಾದ ಪ್ಯಾಸಡೀನಾ ನಗರದಲ್ಲಿ ಮಹಾಸ್ಪರ್ಧೆಯು ನಡೆದಾಗ ಬಯಲಿಗಿಳಿದರು. 1972ರಲ್ಲಿ ಹದಿಹರೆಯದವರಾಗಿದ್ದವರ ಕೂದಲು ಆಗ ನರೆತಿದ್ದಿತು. ಅವರು ಅಂಕಕ್ಕಾಗಿ ನುಡಿಸಲಿಲ್ಲ. ಅವರ ತಪ್ಪುಗಳನ್ನೆಣಿಸಲು ಬದಿಯಲ್ಲಿ ಪರೀಕ್ಷಕನೂ ಇರಲಿಲ್ಲ. ಮೂವತ್ತೈದು ವರ್ಷಗಳ ಹಿಂದೆ ಎಡಬಲಗಳಲ್ಲಿ ನಿಂತವರು ಮತ್ತೊಮ್ಮೆ ಎಡಬಲಗಳಲ್ಲಿ ನಿಂತಿದ್ದರು, ಅಷ್ಟೇ.

ಈ ಚರಿತ್ರೆಯ ತಾತ್ಪರ್ಯವನ್ನು ಸಂಗ್ರಹಿಸುವುದಾದರೆ ಹೀಗೆ ಹೇಳಬಹುದು. ಯುದ್ಧದಲ್ಲಿ ಮಿಕ್ಕಿದ ಹಿತ್ತಾಳೆಯ ಕಹಳೆಗಳೂ, ಒಂದು ನೆಲಮಾಳಿಗೆಯೂ, ಸಂಜೆಯ ಹೊತ್ತನ್ನು ಮಕ್ಕಳಿಗಾಗಿ ಮುಡುಪಾಗಿಟ್ಟ ಕೆಲವರು ಹಿರಿಯರೂ ಇದ್ದುದರಿಂದ ಸಾವಿರಾರು ಬಡಮಕ್ಕಳಿಗೆ ನಾದವೂ ಶಿಸ್ತೂ ಸ್ನೇಹವೂ ದೊರೆತುವು. ಧನವು ಹೆಚ್ಚಿದಾಗ ಕಲೆಯು ಏರಿತು, ಬಡಮಕ್ಕಳು ದೂರವಾದರು; ಕಾವಲು ಸಡಿಲವಾದೆಡೆಯಲ್ಲಿ ಹಿರಿಯ ಸಂಸ್ಥೆಯೇ ಕುಸಿಯಿತು. ಮಕ್ಕಳನ್ನು ಕೂಡಿಸಿ ನಡೆಸುವವರು ತಮ್ಮ ಸಂಸ್ಥೆಯ ಉತ್ಸವದ ದಿನ ಮುಂದೆ ಮೊಳಗುವ ಭೇರಿಯನ್ನು ಕೇಳಿ ಸಂತೋಷಿಸುವುದು ಯುಕ್ತವೇ ಸರಿ. ಆಗಲೇ ಹಿಂದಿರುಗಿ, ಸಾಲಿನ ಕಟ್ಟಕಡೆಯಲ್ಲಿ ನಡೆವ ಕಿರಿಯ ಮಗುವು ಹೆಜ್ಜೆಯೊಡನೆ ಬರುತ್ತಿರುವುದೇ, ಸುಖವಾಗಿರುವುದೇ ಎಂದು ನೋಡುವುದು ಅದಕ್ಕಿಂತಲೂ ಯುಕ್ತವಾದುದು.